‘ಲೆಸ್ಟ್’ ಹೊಟ್ಟೆಯೊಳಗಿನ ‘ಬೇಡ’

ಮೊನ್ನೆ ಕುಂದಾಪುರದ ನಮ್ಮ ಮನೆ ಜಗಲಿಯಲ್ಲಿ ಇಂಗ್ಲಿಷ್ ಪೇಪರ್ ಓದುತ್ತಿದ್ದ ಮೊಮ್ಮಗ, “ಅಜ್ಜಯ್ಯ, ಲೆಸ್ಟ್ ಅಂದ್ರೆ ಎಂತ?” ಎಂದ.

“ಹಾಗೆ ಆದೀತು, ಆಗದಿರಲಿ ಅಂತ” ಎಂದೆ. ಸಾವಿರ ವರ್ಷಕ್ಕೂ ಹಳೆಯ ಪದ. ‘ಲೆಸ್’ ಅಂದರೆ ಕಡಿಮೆ ಎಂಬುದೇ ಅದರ ಬೇರು. ಮಾತಿನಲ್ಲಿ ಈಗ ಅಪರೂಪ. ಪತ್ರಿಕೆಯವರು ಮಾತ್ರ ಬಿಟ್ಟಿಲ್ಲ. ಭಯ, ಎಚ್ಚರಿಕೆ ಎರಡೂ ನಾಲ್ಕೇ ಅಕ್ಷರದಲ್ಲಿ ಮುಗಿಯುತ್ತವೆ. ಇಕ್ಕಟ್ಟಾದ ಶೀರ್ಷಿಕೆಯಲ್ಲೂ ಹಿಡಿಸುತ್ತದೆ.

ಆದರೆ ‘ಬೇಡ’ ಎಂಬುದು ಅದರ ಹೊಟ್ಟೆಯೊಳಗೇ ಇದೆ. ಮತ್ತೆ ‘ನಾಟ್’ ಸೇರಿಸಿದರೆ ಅರ್ಥ ತಿರುಗಿಬೀಳುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಾನೇ ಎಡವಿದ್ದೆ. ಬೈಂದೂರಿನ ಠೇವಣಿದಾರರೊಬ್ಬರಿಗೆ ‘ಬಡ್ಡಿ ನಷ್ಟವಾಗದಂತೆ ಬೇಗ ನವೀಕರಿಸಿ’ ಎಂದು ಬರೆಯಹೊರಟು, ‘ಲೆಸ್ಟ್ ಯೂ ಶುಡ್ ನಾಟ್ ಲೂಸ್’ ಎಂದು ಟೈಪ್ ಮಾಡಿದ್ದೆ. ‘ನಷ್ಟವಾಗದೆ ಹೋದೀತು, ಬೇಗ ಬನ್ನಿ’ ಎಂದ ಹಾಗಾಯಿತು! ಪುಣ್ಯಕ್ಕೆ, ಕಾಗದ ಅಂಚೆಗೆ ಹೋಗುವ ಮೊದಲೇ ಮ್ಯಾನೇಜರರು ‘ನಾಟ್’ ಮೇಲೆ ಕೆಂಪು ಶಾಯಿ ಎಳೆದರು.

ಮಕ್ಕಳೇ, ಕನ್ನಡದಲ್ಲಿ ಈ ಕೆಲಸವನ್ನು ಕ್ರಿಯಾಪದದ ಬಾಲವೇ ಮಾಡುತ್ತದೆ. ಬ್ರಹ್ಮಾವರದಲ್ಲಿ ನನ್ನ ಅಮ್ಮ ಹೇಳುತ್ತಿದ್ದಳು: “ಕೊಡೆ ತಕೋ ಮಾಣಿ, ಮಳೆ ಬಂದೀತ್.” ಆ ‘ಬಂದೀತು’ವಿನಲ್ಲಿ ಅರ್ಧ ಊಹೆ, ಅರ್ಧ ಹೆದರಿಕೆ. ವ್ಯಾಕರಣದಲ್ಲಿ ಇದು ಸಂಭಾವನಾರ್ಥಕ ರೂಪ.

ಇವತ್ತು ಮನೆಯಲ್ಲಿ ಅಜ್ಜಿ ಎಷ್ಟು ಸಲ ‘ಬಿದ್ದೀಯೆ’, ‘ಸುಟ್ಟೀತು’, ‘ಒಡೆದೀತು’ ಎನ್ನುತ್ತಾರೆ, ಲೆಕ್ಕ ಹಾಕಿ ನೋಡಿ.