ಬೆಳಗಿನ ಜಾವದ ಒಂದು ಲೀಟರ್

ನಮ್ಮ ದೊಡ್ಡಪ್ಪನಿಗೆ ಎಪ್ಪತ್ತಾರು ವರ್ಷ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ರಕ್ತ ಕಮ್ಮಿಯಾಗಿದೆ, ಎಲ್ಲಿ ಸೋರುತ್ತಿದೆಯೋ ನೋಡಬೇಕು ಎಂದು ಶಿವಮೊಗ್ಗದ ವೈದ್ಯರೊಬ್ಬರು ಕೊಲೊನೋಸ್ಕೋಪಿಗೆ ಬರೆದುಕೊಟ್ಟರು. ಜೊತೆಗೆ ಒಂದು ಪುಡಿಯ ಪ್ಯಾಕೆಟ್, ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಪುಡಿಯನ್ನು ಎರಡು ಲೀಟರ್ ನೀರಿಗೆ ಕರಗಿಸಿ ಸಂಜೆ ಅರ್ಧ, ಬೆಳಗಿನ ಜಾವ ಅರ್ಧ ಕುಡಿಯಬೇಕಿತ್ತು. ಸಂಜೆಯ ಲೀಟರನ್ನು ದೊಡ್ಡಪ್ಪ ಮುಖ ಕಿವಿಚಿಕೊಂಡೇ ಮುಗಿಸಿದರು. ಬೆಳಗಿನದನ್ನು ಮಾತ್ರ ಯಾರೂ ಏಳುವ ಮೊದಲೇ ಅಂಗಳದ ದಾಸವಾಳದ ಬುಡಕ್ಕೆ ಸುರಿದು, ಏನೂ ಆಗದವರಂತೆ ಆರು ಗಂಟೆಯ ಬಸ್ಸು ಹತ್ತಿದರು.

ಪರೀಕ್ಷೆ ಅರ್ಧಕ್ಕೇ ನಿಂತಿತು. ‘ಕರುಳು ಕ್ಲೀನ್ ಆಗಿಲ್ಲ, ಇನ್ನೊಮ್ಮೆ ಬನ್ನಿ’ ಎಂದು ಕಳಿಸಿದರು.

‘ಯಾಕೆ ದೊಡ್ಡಪ್ಪ ಹೀಗೆ ಮಾಡಿದ್ರಿ?’ ಎಂದು ಕೇಳಿದೆ.

‘ಎಂತ ಮಾಡೂದು ಮಾರಾಯ, ಮಂಡಗದ್ದೆ ಹತ್ರ ಹೊಟ್ಟೆ ಗುಡುಗಿದ್ರೆ ಬಸ್ ನಿಲ್ಸು ಅಂತ ಯಾರ ಹತ್ರ ಹೇಳೂದು?’

ಆ ಪ್ರಶ್ನೆಗೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ನಮ್ಮಲ್ಲಿ ಯಾರೂ ಅವರಿಗೆ ಅದನ್ನು ಮೊದಲೇ ಕೇಳಿರಲೂ ಇಲ್ಲ.

ಅರ್ಧರ್ಧ ಏಕೆ?

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆ ಗುದದ್ವಾರದಿಂದ ಒಳಹೋಗಿ, ಸಣ್ಣ ಕರುಳು ಬಂದು ಸೇರುವ ಬಲಗಡೆಯ ಕೊನೆಯವರೆಗೂ ಮುಟ್ಟಬೇಕು. ಅಲ್ಲಿ ಹುಡುಕುವುದು ಕೆಲವೇ ಮಿಲಿಮೀಟರ್ ಗಾತ್ರದ ಪಾಲಿಪ್‌ಗಳನ್ನು, ಅಂದರೆ ಮುಂದೆಂದೋ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು. ಬಲಗಡೆಯ ಗಂಟುಗಳಲ್ಲಿ ಕೆಲವು ಚಪ್ಪಟೆ. ಮೇಲೊಂದು ತೆಳು ಕೊಳೆ ಕೂತರೂ ಕಣ್ತಪ್ಪುತ್ತವೆ.

ಬೆಳಗಿನ ಲೀಟರಿನ ಗುಟ್ಟು ಇಲ್ಲಿದೆ. ರಾತ್ರಿ ಎಲ್ಲ ತೊಳೆದು ಮಲಗಿದರೂ ಸಣ್ಣ ಕರುಳು ಮಲಗುವುದಿಲ್ಲ. ಪಿತ್ತರಸ, ಲೋಳೆ, ಉಳಿದ ಪಚನದ್ರವ ಎಲ್ಲವನ್ನೂ ಅದು ಬೆಳಗಾಗುವಷ್ಟರಲ್ಲಿ ದೊಡ್ಡ ಕರುಳಿನ ಬಲಭಾಗಕ್ಕೆ ತಂದು ಸುರಿದಿರುತ್ತದೆ. ಗುಡಿಸಿ ಸಾರಿಸಿದ ಅಂಗಳದಲ್ಲಿ ರಾತ್ರಿಯೆಲ್ಲ ತರಗೆಲೆ ಉದುರಿದ ಹಾಗೆ. ಆದ್ದರಿಂದಲೇ ಎರಡನೆಯ ಪಾಲನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸಬೇಕು ಎನ್ನುತ್ತಾರೆ. ಕೊನೆಯ ಆ ಎರಡು ಗಂಟೆ ಹೊಟ್ಟೆ ಖಾಲಿ ಇರಬೇಕು. ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ನುಗ್ಗಬಾರದಲ್ಲ.

ಕರುಳು ಎಷ್ಟು ಶುಚಿಯಾಗಿದೆ ಎಂಬುದಕ್ಕೂ ಅಂಕಗಳಿವೆ. 2009ರಿಂದ ಬಳಕೆಗೆ ಬಂದ ‘ಬೋಸ್ಟನ್’ ಅಳತೆಯಲ್ಲಿ ಕರುಳನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಪ್ರತಿ ಭಾಗಕ್ಕೂ ಕನಿಷ್ಠ ಎರಡು ಬಂದರೆ ಪಾಸು. ದೊಡ್ಡಪ್ಪ ಬಲಭಾಗದಲ್ಲಿ ಫೇಲಾಗಿದ್ದರು.

ಹರಳೆಣ್ಣೆಯಿಂದ ಪುಡಿಯವರೆಗೆ

ಭೇದಿ ಮಾಡಿಸಿ ಹೊಟ್ಟೆ ತೊಳೆಯುವುದು ದೊಡ್ಡಪ್ಪನ ತಲೆಮಾರಿಗೆ ಹೊಸತಲ್ಲ. ಅಜ್ಜಿಯರು ಮಕ್ಕಳನ್ನು ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸಿದ ದಿನಗಳನ್ನು ಅವರು ಮರೆತಿಲ್ಲ. ಕೊಲೊನೋಸ್ಕೋಪಿಯ ಮೊದಲ ದಿನಗಳಲ್ಲಿ ವೈದ್ಯರೂ ಹರಳೆಣ್ಣೆ, ಸೋನಾಮುಖಿ, ಎನಿಮಾ ಮತ್ತು ದಿನಗಟ್ಟಲೆ ದ್ರವಾಹಾರವನ್ನೇ ನಂಬಿದ್ದರು. ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವೂ ಬಳಕೆಯಲ್ಲಿತ್ತು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್ ಹುಟ್ಟಿಸುತ್ತವೆ. ವಿದ್ಯುತ್ತಿನ ಕುಣಿಕೆಯಿಂದ ಪಾಲಿಪ್ ಸುಟ್ಟು ಕತ್ತರಿಸುವಾಗ ಆ ಅನಿಲ ಸಿಡಿದು ಜೀವ ಹೋದದ್ದೂ ಉಂಟು.

1980ರಲ್ಲಿ ಅಮೆರಿಕದ ಜಾನ್ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್, ಆಧಾರಿತ ದ್ರಾವಣವನ್ನು ಪ್ರಕಟಿಸಿದರು. ಈ ವಸ್ತುವಿನ ಅಣು ದೊಡ್ಡದು, ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಜೊತೆಗಿರುವ ಲವಣಗಳನ್ನು ತೂಗಿ ಬೆರೆಸಿರುವುದರಿಂದ ದ್ರಾವಣವು ದೇಹದ ನೀರನ್ನು ಎಳೆಯುವುದೂ ಕಡಿಮೆ, ದೇಹಕ್ಕೆ ನೀರನ್ನು ಬಿಡುವುದೂ ಕಡಿಮೆ. ನಲ್ಲಿ ಬಿಟ್ಟು ಪೈಪು ತೊಳೆದ ಹಾಗೆ ಬಂದದ್ದು ಬಂದ ಹಾಗೇ ಹೋಗುತ್ತದೆ. ಮೊದಲಿಗೆ ನಾಲ್ಕು ಲೀಟರ್ ಕುಡಿಸುತ್ತಿದ್ದರು. ಈಗ ಎರಡು ಲೀಟರಿನ ಬಗೆಗಳೂ ಬಂದಿವೆ.

ಕಡಿಮೆ ಕುಡಿದರೆ ಸಾಕೆನ್ನುವ ಔಷಧಿಗಳೂ ಅಂಗಡಿಯಲ್ಲಿವೆ. ವಯಸ್ಸಾದವರು ಎಚ್ಚರ ವಹಿಸಬೇಕಾದದ್ದು ಅವುಗಳ ವಿಷಯದಲ್ಲಿ. ಸೋಡಿಯಂ ಫಾಸ್ಫೇಟ್ ದ್ರಾವಣ ಕೆಲವರ ಮೂತ್ರಪಿಂಡವನ್ನು ಶಾಶ್ವತವಾಗಿ ಕೆಡಿಸಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಹೆಚ್ಚು ಅಪಾಯ ಇದ್ದದ್ದು ವಯಸ್ಸಾದವರಿಗೆ, ಮೊದಲೇ ಮೂತ್ರಪಿಂಡ ಸೋತವರಿಗೆ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ. ಮೆಗ್ನೀಸಿಯಂ ಇರುವ ಔಷಧಿಯೂ ಮೂತ್ರಪಿಂಡ ದುರ್ಬಲ ಇದ್ದವರಿಗೆ ಒಗ್ಗದು. ಬಾಯಿಗೆ ರುಚಿಸದಿದ್ದರೂ ಹಿರಿಯರಿಗೆ ಸಾಮಾನ್ಯವಾಗಿ ಪೆಗ್ಗನ್ನೇ ಬರೆಯುವುದು ಈ ಕಾರಣಕ್ಕೆ.

ಅಡುಗೆಮನೆ, ಮಾತ್ರೆ ಡಬ್ಬಿ, ಕಕ್ಕಸಿನ ದಾರಿ

ಹಿರಿಯರ ಕರುಳು ನಿಧಾನಿ. ಮಲಬದ್ಧತೆ, ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಹಿಂದೆಂದೋ ಹೊಡೆದ ಪಾರ್ಶ್ವವಾಯು, ಬಲವಾದ ನೋವಿನ ಮಾತ್ರೆ, ಹಾಸಿಗೆ ಬಿಟ್ಟೇಳದ ದಿನಚರಿ ಎಲ್ಲವೂ ಅದನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮೊದಲೇ ಹೇಳಿ. ತಯಾರಿ ಒಂದೆರಡು ದಿನ ಮುಂಚೆ ಶುರುವಾಗಬೇಕಾದೀತು.

ಊಟದ ಲೆಕ್ಕ ನಮ್ಮ ದಿನನಿತ್ಯದ ಬುದ್ಧಿವಾದಕ್ಕೆ ತಿರುವುಮುರುವು. ‘ಸೊಪ್ಪು ತಿನ್ನಿ, ರಾಗಿ ತಿನ್ನಿ’ ಎನ್ನುವವರೇ ಹಿಂದಿನ ದಿನ ಅವೆರಡೂ ಬೇಡ ಎನ್ನುತ್ತಾರೆ. ಬಾಳೆದಿಂಡು, ಹುರುಳಿ, ಸೀಬೆ, ಬೀಜ ಉಳಿಸಿದ ಟೊಮೆಟೊ ಯಾವುದೂ ಬೇಡ. ಬಿಳಿ ಅನ್ನ, ಇಡ್ಲಿ, ರವೆ ಗಂಜಿ, ಮೊಸರನ್ನ ಆಗಬಹುದು. ಔಷಧಿ ಶುರುವಾದ ಮೇಲೆ ತಿಳಿ ದ್ರವ ಮಾತ್ರ: ಸೋಸಿದ ತಿಳಿಸಾರು, ನಿಂಬೆ ಪಾನಕ, ಹಾಲಿಲ್ಲದ ಚಹಾ. ಎಳನೀರೂ ಸರಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇದ್ದವರು ಕೇಳಿಯೇ ಕುಡಿಯಬೇಕು. ಕೆಂಪು, ನೇರಳೆ ಬಣ್ಣದ ಶರಬತ್ತು ಬೇಡ. ಕರುಳಿನೊಳಗೆ ಅದು ರಕ್ತದಂತೆ ಕಂಡು ದಾರಿ ತಪ್ಪಿಸುತ್ತದೆ.

ಮಾತ್ರೆ ಡಬ್ಬಿಯನ್ನು ಹಾಗೆಯೇ ವೈದ್ಯರ ಮೇಜಿನ ಮೇಲಿಡುವುದು ಒಳ್ಳೆಯದು. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸಿ ಅಂಟಿಸುವುದರಿಂದ ಸುಮಾರು ವಾರದ ಮೊದಲೇ ಬಿಡಿಸುತ್ತಾರೆ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ, ಆದ್ದರಿಂದ ಪ್ರಮಾಣ ಬದಲಾಗಬೇಕು. ಡಾಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಲು ಹೇಳುವುದು ರೂಢಿ. ರಕ್ತ ತೆಳು ಮಾಡುವ ಮಾತ್ರೆಯನ್ನಂತೂ ಸ್ವಂತ ಬುದ್ಧಿಯಿಂದ ನಿಲ್ಲಿಸಲೂಬಾರದು, ಮುಂದುವರಿಸಲೂಬಾರದು.

ಉಳಿದದ್ದು ರಾತ್ರಿ. ಹತ್ತಾರು ಸಲ ಎದ್ದು ಓಡುವ ವೃದ್ಧರಿಗೆ ಔಷಧಿಗಿಂತ ಒದ್ದೆ ನೆಲದ ಭಯವೇ ಹೆಚ್ಚು. ದಾರಿಯಲ್ಲಿ ದೀಪ ಉರಿಯಲಿ, ಕಾಲೊರಸು ಜಾರದಿರಲಿ. ಬಚ್ಚಲು ಹಿತ್ತಲಲ್ಲಿದ್ದರೆ ಒಂದು ರಾತ್ರಿಯ ಮಟ್ಟಿಗೆ ಕಮೋಡ್ ಕುರ್ಚಿ ಕೋಣೆಗೇ ಬರಲಿ. ಔಷಧಿಯನ್ನು ತಣ್ಣಗೆ ಮಾಡಿ, ಹತ್ತು ಹದಿನೈದು ನಿಮಿಷಕ್ಕೊಂದು ಲೋಟ, ಕೂತೇ ಕುಡಿಸಿ. ವಾಂತಿ ಬಂದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ತಲೆ ಸುತ್ತು, ಗೊಂದಲದ ಮಾತು, ಜೋರು ಹೊಟ್ಟೆನೋವು ಕಂಡರೆ ಕುಡಿಸುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಕೊನೆಗೆ ಹೊರಬರುವುದು ತಿಳಿ ಹಳದಿ ನೀರಾಗಿದ್ದರೆ ಕೆಲಸ ಆದಂತೆ.

ಇಷ್ಟೆಲ್ಲ ಕಷ್ಟಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ವಯಸ್ಸಿಗೆ ಪರೀಕ್ಷೆ ಬೇಕೇ? ಯಾವ ಲಕ್ಷಣವೂ ಇಲ್ಲದವರಿಗೆ ಮುನ್ನೆಚ್ಚರಿಕೆಯ ತಪಾಸಣೆಯನ್ನು ಅಮೆರಿಕದ ತಜ್ಞರ ಮಂಡಳಿ ಹೇಳುವುದು 45ರಿಂದ 75ರವರೆಗೆ. 76ರಿಂದ 85ರವರೆಗೆ ಆರೋಗ್ಯ ನೋಡಿ ತೀರ್ಮಾನ, ಆಮೇಲೆ ಬೇಡ. ದೊಡ್ಡಪ್ಪನಂತೆ ರಕ್ತ ಕಮ್ಮಿಯಾದವರ, ಮಲದಲ್ಲಿ ರಕ್ತ ಕಂಡವರ ಮಾತು ಬೇರೆ. ಅವರಿಗೆ ಕಾರಣ ಗೊತ್ತಾಗಲೇಬೇಕು.

ಎರಡನೆಯ ಸಲ ದೊಡ್ಡಪ್ಪನನ್ನು ಹಿಂದಿನ ದಿನವೇ ಶಿವಮೊಗ್ಗದ ನೆಂಟರ ಮನೆಗೆ ಕರೆತಂದೆವು. ಮಧ್ಯಾಹ್ನದ ಸಮಯ ಕೇಳಿ ಪಡೆದೆವು. ಬೆಳಗಿನ ಲೀಟರನ್ನು ಅವರು ನಮ್ಮೆದುರೇ ಕುಡಿದರು, ಹತ್ತು ಹೆಜ್ಜೆಯಲ್ಲಿ ಕಕ್ಕಸು ಇತ್ತು. ಬಲಭಾಗದಲ್ಲಿ ಎರಡು ಪಾಲಿಪ್ ಸಿಕ್ಕವು, ಅಲ್ಲೇ ತೆಗೆದರು.

ಮನೆಯ ಹಿರಿಯರಿಗೆ ಕೊಲೊನೋಸ್ಕೋಪಿಯ ದಿನ ಗೊತ್ತುಮಾಡುವಾಗ ಎರಡು ಮಾತು ಕೇಳಿ: ಪರೀಕ್ಷೆ ಎಷ್ಟು ಗಂಟೆಗೆ, ಮತ್ತು ಎರಡನೆಯ ಲೀಟರ್ ಕುಡಿದ ಮೇಲೆ ಅವರು ಎಲ್ಲಿರುತ್ತಾರೆ? ‘ಬಸ್ಸಿನಲ್ಲಿ’ ಎಂಬುದು ಉತ್ತರವಾದರೆ, ದಿನ ಬದಲಿಸಿ.