ಚೆಲ್ಲುವ ಕಾಯಿನೀರಿನಿಂದ ಮನೆಯಲ್ಲೇ ವಿನೆಗರ್

ಕೊಬ್ಬರಿಗೆಂದು ನೂರು ಬೆಳೆದ ಕಾಯಿ ಒಡೆದರೆ ಹತ್ತು ಲೀಟರ್ ಆಸುಪಾಸು ನೀರು ಸಿಗುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಅಂಗಳದ ಬದಿಗೆ ಹೋಗುತ್ತದೆ. ಮರುದಿನ ನೊಣ, ಮೂರನೇ ದಿನ ನಾತ. ಇದೇ ನೀರಿನಿಂದ ನಾವು ಮೂರು ವರ್ಷದಿಂದ ವಿನೆಗರ್ ಮಾಡುತ್ತಿದ್ದೇವೆ. ಅಂಗಡಿಯದ್ದು ತಂದಿಲ್ಲ.

'ಕಾಯಿನೀರು ಇಟ್ರೆ ತಾನಾಗೇ ಹುಳಿಯಾಗ್ತದಲ್ಲ, ಅಷ್ಟು ಸಾಲ್ದಾ?' ಎಂದು ಕೇಳುವವರಿದ್ದಾರೆ. ಸಾಲದು. ಯಾಕೆಂದರೆ, ಸಕ್ಕರೆ ಎಷ್ಟೋ ಹುಳಿ ಅಷ್ಟೇ.

ಸಕ್ಕರೆಯ ಲೆಕ್ಕ

ವಿನೆಗರ್ ಆಗುವುದು ಎರಡು ಹಂತದಲ್ಲಿ. ಮೊದಲು ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಬಿಯರ್ ತಯಾರಿಯಲ್ಲೂ ಇದೇ ಕೆಲಸ. ಬಿಯರಿನವರು ಅಲ್ಲಿಗೆ ನಿಲ್ಲಿಸುತ್ತಾರೆ, ನಾವು ಮುಂದೆ ಹೋಗುತ್ತೇವೆ. ಎರಡನೇ ಹಂತದಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲ ಮಾಡುತ್ತದೆ.

ಬೆಳೆದ ಕಾಯಿನೀರಿನಲ್ಲಿ ಸಕ್ಕರೆ ಇರುವುದು ಶೇ. 2-3 ಮಾತ್ರ. ಅದಷ್ಟೂ ಹುಳಿಯಾದರೂ ಆಮ್ಲ ಹೆಚ್ಚೆಂದರೆ ಶೇ. 2ರ ಆಸುಪಾಸು. ಅಷ್ಟು ಸಪ್ಪೆ ಹುಳಿಯಲ್ಲಿ ಬೂಸಲು ಸುಲಭವಾಗಿ ಬರುತ್ತದೆ. ಆಹಾರ ಕಾನೂನಿನ ಪ್ರಕಾರ ವಿನೆಗರಿನಲ್ಲಿ ಕನಿಷ್ಠ ಶೇ. 3.75 ಆಮ್ಲ ಇರಬೇಕು. ಅದಕ್ಕೇ ಲೀಟರಿಗೆ 100 ಗ್ರಾಂ ಸಕ್ಕರೆ ಸೇರಿಸುವುದು. ಕಾಗದದ ಲೆಕ್ಕದಲ್ಲಿ ಶೇ. 7 ದಾಟಬೇಕು. ಆರಿಹೋಗುವುದು, ಹುಳುಗಳೇ ತಿನ್ನುವುದು ಎಲ್ಲ ಕಳೆದರೂ ಶೇ. 4-5 ಉಳಿದೀತು.

ಮೊದಲ ಹಂತ

ಹತ್ತು ಲೀಟರ್ ತಾಜಾ ಕಾಯಿನೀರು ಸೋಸಿ, ಒಂದು ಕಿಲೋ ಸಕ್ಕರೆ ಕರಗಿಸಿ, ಹತ್ತು ನಿಮಿಷ ಕುದಿಸಿ. ಒಡೆದ ಗಸಿ ಬಂದರೆ ಮತ್ತೆ ಸೋಸಿ. ಕೈಗೆ ಉಗುರುಬೆಚ್ಚಗೆ ಆದ ಮೇಲೆ ಬೇಕರಿಯ ಒಣ ಯೀಸ್ಟ್ 10 ಗ್ರಾಂ ಹಾಕಿ. ಬಿಸಿ ಇರುವಾಗ ಹಾಕಿದರೆ ಯೀಸ್ಟ್ ಸಾಯುತ್ತದೆ.

ಕುದಿನೀರಲ್ಲಿ ತೊಳೆದ ಕ್ಯಾನಿಗೆ ಹೊಯ್ದು, ಮುಚ್ಚಳ ಸಡಿಲ ಇಡಿ. ಇಲ್ಲವೇ ಮುಚ್ಚಳದಿಂದ ಸಣ್ಣ ಕೊಳವೆ ತೆಗೆದು ಅದರ ತುದಿ ನೀರಿನಲ್ಲಿ ಮುಳುಗಿಸಿ. ಒಂದು ಕಿಲೋ ಸಕ್ಕರೆಯಿಂದ 200 ಲೀಟರಿಗೂ ಮಿಕ್ಕಿ ಗ್ಯಾಸ್ ಹೊರಡುತ್ತದೆ. ಬಿಗಿಯಾಗಿ ಮುಚ್ಚಿದರೆ ಕ್ಯಾನ್ ಒಡೆದೀತು, ಜೋಕೆ. ಐದರಿಂದ ಏಳು ದಿನಕ್ಕೆ ಗುಳ್ಳೆ ನಿಲ್ಲುತ್ತದೆ. ಒಂದು ದಿನ ಬಿಟ್ಟು, ಅಡಿಯ ಗಸಿ ಕದಡದಂತೆ ಕೊಳವೆಯಿಂದ ತಿಳಿ ಇಳಿಸಿಕೊಳ್ಳಿ.

ಎರಡನೇ ಹಂತ

ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಹೆಪ್ಪು ಬೇಕು. ತಿಳಿಯ ನಾಲ್ಕು ಪಾಲಿಗೆ ಒಂದು ಪಾಲು ಜೀವಂತ ವಿನೆಗರ್. ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಆಗದು. ಅದು ನೀರು ಬೆರೆಸಿದ ಆಮ್ಲ, ಜೀವವಿಲ್ಲ. ಮೊದಲ ಸಲಕ್ಕೆ, ಬಿಸಿ ಮಾಡದ, 'ಮದರ್' ಇರುವ ಆ್ಯಪಲ್ ಸೈಡರ್ ವಿನೆಗರ್ ತನ್ನಿ.

ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕೇ ಬೇಕು. ಆದ್ದರಿಂದ ಅಗಲ ಬಾಯಿಯ ಗಾಜಿನ ಜಾಡಿ ಅಥವಾ ಪಿಂಗಾಣಿ ಭರಣಿ ತೆಗೆದುಕೊಂಡು ಮುಕ್ಕಾಲಿಗಿಂತ ಕಡಿಮೆ ತುಂಬಿಸಿ. ಬಾಯಿಗೆ ಒತ್ತು ನೇಯ್ಗೆಯ ಬಟ್ಟೆ ಕಟ್ಟಿ. ಸಣ್ಣ ನೊಣ ಒಳಹೋಗಬಾರದು. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ಬೇಡ, ಆಮ್ಲ ತಿನ್ನುತ್ತದೆ.

ಕೆಲವು ದಿನದಲ್ಲಿ ಮೇಲೆ ತೆಳು ಪೊರೆ ಕಟ್ಟುತ್ತದೆ. ಕದಡಬೇಡಿ. ಹಸಿರು, ಕಪ್ಪು ಬೂಸಲು ಎದ್ದರೆ ಮಾತ್ರ ಅಷ್ಟನ್ನೂ ಚೆಲ್ಲಿಬಿಡಿ. ಮೂರರಿಂದ ಆರು ವಾರಕ್ಕೆ ಹೆಂಡದ ವಾಸನೆ ಹೋಗಿ ಮೂಗಿಗೆ ಚುರುಕು ಹುಳಿ ಹೊಡೆಯುತ್ತದೆ. ಆಮೇಲೆ ಇಡಬೇಡಿ. ಮದ್ಯಸಾರ ಮುಗಿದರೆ ಬ್ಯಾಕ್ಟೀರಿಯಾ ಆಮ್ಲವನ್ನೇ ತಿನ್ನತೊಡಗುತ್ತದೆ, ಹುಳಿ ಇಳಿಯುತ್ತದೆ. ಮುಂದಿನ ಸಲದ ಹೆಪ್ಪಿಗೆ ಎರಡು ಲೀಟರ್ ಬದಿಗಿಟ್ಟು, ಉಳಿದದ್ದನ್ನು ಸೋಸಿ, 60-65 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಬಾಟಲಿಯ ಕಂಠದವರೆಗೆ ತುಂಬಿಸಿ ಬಿಗಿ ಮುಚ್ಚಿ.

ಗಮನದಲ್ಲಿರಲಿ

ಅಡಿಗೆಗೆ, ಸಲಾಡಿಗೆ ನಾಲಿಗೆಯ ಅಂದಾಜು ಸಾಕು. ವಿನೆಗರನ್ನೇ ನಂಬಿ ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ಅದು ಸಾಲದು. ಹುಳಿ ಕಡಿಮೆಯಾದರೆ ಉಪ್ಪಿನಕಾಯಿ ಕೆಟ್ಟು ತಿಂದವರ ಆರೋಗ್ಯಕ್ಕೇ ಅಪಾಯ. ಪರಿಚಯದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಆಮ್ಲ ಅಳೆಸಿ. ಅವರಿಗೆ ಅದು ಹತ್ತು ನಿಮಿಷದ ಕೆಲಸ.

ಇನ್ನೊಂದು ಮಾತು. ಮಧ್ಯದ ಹಂತದ ದ್ರವದಲ್ಲಿ ಮದ್ಯಸಾರ ಇರುತ್ತದೆ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಶುರುಮಾಡುವ ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು.

ಖರ್ಚು ಒಂದು ಕಿಲೋ ಸಕ್ಕರೆ, ಚೂರು ಯೀಸ್ಟ್, ಒಂದಿಷ್ಟು ಸೌದೆ. ಹೆಪ್ಪಿಗೆ ಹಣ ಮೊದಲ ಸಲ ಮಾತ್ರ. ಮುಂದಿನ ಸಲ ಕಾಯಿ ಒಡೆಯುವಾಗ ಪಕ್ಕದಲ್ಲಿ ಒಂದು ತೊಳೆದ ಬಕೆಟ್ ಇಟ್ಟುಕೊಳ್ಳಿ.