ಸೊಟ್ಟ ಕಿರೀಟವನ್ನು ಅಳಿಸಬೇಡಿ

ನೀರಿನ ಹನಿಯ ಫೋಟೊ ತೆಗೆಯುವ ಹವ್ಯಾಸಿಗಳು ಉಳಿಸಿಕೊಳ್ಳುವುದಕ್ಕಿಂತ ಅಳಿಸಿಹಾಕುವುದೇ ಹೆಚ್ಚು. ಹನಿ ಬಿದ್ದಲ್ಲಿ ಸುತ್ತಲೂ ಸಮನಾಗಿ ಎದ್ದ ನೀರಿನ ಕಿರೀಟ, ನೆಟ್ಟಗೆ ನಿಂತ ನೀರಿನ ಕಂಬ, ಅದರ ತುದಿಯಲ್ಲೊಂದು ಮಣಿ ಸಿಕ್ಕರೆ ಸಂಭ್ರಮ; ಕಿರೀಟ ಒಂದು ಬದಿಗೆ ವಾಲಿದ್ದರೆ ಅದು ಕೆಟ್ಟ ಚಿತ್ರ. ಈ ತೀರ್ಪು ಅವಸರದ್ದು ಎನ್ನುವುದಕ್ಕೆ ಹನಿ ಛಾಯಾಗ್ರಹಣದ ಚರಿತ್ರೆಯಲ್ಲೇ ಸಾಕ್ಷ್ಯವಿದೆ. ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ 1870ರ ದಶಕದಿಂದ ಕತ್ತಲ ಕೋಣೆಯಲ್ಲಿ ಹನಿ ಬೀಳಿಸಿ, ತಕ್ಕ ಗಳಿಗೆಗೆ ವಿದ್ಯುತ್ ಕಿಡಿ ಹೊತ್ತಿಸಿ, ಕಣ್ಣಲ್ಲುಳಿದ ಬಿಂಬವನ್ನು ಕೈಯಲ್ಲೇ ಬಿಡಿಸುತ್ತಿದ್ದರು. ಆ ಚಿತ್ರಗಳು ಅಚ್ಚುಕಟ್ಟಾಗಿದ್ದವು. 1890ರ ದಶಕದಲ್ಲಿ ಅದೇ ಕಿಡಿಯ ಬೆಳಕಲ್ಲಿ ಫೋಟೊ ತೆಗೆದಾಗ ಕಂಡದ್ದು ಏರುಪೇರಿನ ಕಿರೀಟಗಳು. ಸೊಟ್ಟದ್ದನ್ನು ಬದಿಗಿಟ್ಟು ಆದರ್ಶ ಆಕಾರವನ್ನೇ ಆರಿಸಿಕೊಂಡಿದ್ದೆನೆಂದು ಅವರು 1908ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. ನೀರಿನ ಕಂಬಕ್ಕೆ ಇಂದಿಗೂ ಅವರದೇ ಹೆಸರು: ವರ್ದಿಂಗ್ಟನ್ ಜೆಟ್.

ಹೀಗೆ ಕಣ್ಣಿನ ತಪ್ಪನ್ನು ತಿದ್ದಿದ್ದು ಫೋಟೊ; ಅದನ್ನು ಸಾಧ್ಯವಾಗಿಸಿದ್ದು ಬೆಳಕಿನ ಚುಟುಕುತನ. ಇಂದಿನ ಹವ್ಯಾಸಿಗೂ ಅದೇ ಆಧಾರ. 40 ಸೆಂ.ಮೀ. ಎತ್ತರದಿಂದ ಬಿದ್ದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿರುತ್ತದೆ. ಶಟರ್ 1/200 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅದು 14 ಮಿ.ಮೀ. ಜಾರಿ, ಚಿತ್ರದಲ್ಲಿ ಬರೀ ಗೀಟಾಗುತ್ತದೆ. ಕೋಣೆ ಮಬ್ಬಾಗಿಸಿ, ಫ್ಲಾಶಿನ ಶಕ್ತಿಯನ್ನು ತೀರಾ ಕೆಳಕ್ಕಿಳಿಸಿದರೆ ಬೆಳಕು 1/20,000 ಸೆಕೆಂಡಿನಷ್ಟೇ ಇರಬಲ್ಲದು. ಆಗ ಜಾರುವುದು 0.14 ಮಿ.ಮೀ. ಮಾತ್ರ. ಆದ್ದರಿಂದ ಇಲ್ಲಿ ದುಬಾರಿ ಕ್ಯಾಮೆರಾಕ್ಕಿಂತ ಅಗ್ಗದ ಫ್ಲಾಶ್ ಮುಖ್ಯ. ಹನಿ ಬೀಳುವ ಜಾಗದಲ್ಲಿ ಪೆನ್ನು ಹಿಡಿದು ಕೈಯಾರೆ ಫೋಕಸ್ ಮಾಡಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಸೊಟ್ಟಾಗುವುದು ಜೋಡಣೆಯ ದೋಷವಲ್ಲವೇ ಎಂದು ಕೇಳಬಹುದು. ಎಷ್ಟೋ ಸಲ ಹೌದು: ನೀರಿನ ತಟ್ಟೆ ವಾಲಿರುತ್ತದೆ, ಹಿಂದಿನ ಹನಿಯ ಅಲೆ ಅಡಗಿರುವುದಿಲ್ಲ. ಇವನ್ನು ಸರಿಪಡಿಸಲೇಬೇಕು. ಆದರೆ ಎಲ್ಲ ಸರಿಯಿದ್ದರೂ ಬೀಳುತ್ತಿರುವ ಹನಿ ಒಮ್ಮೆ ಚಪ್ಪಟೆ, ಒಮ್ಮೆ ಉದ್ದವಾಗಿ ಅದುರುತ್ತಲೇ ಬರುತ್ತದೆ. ಕಿರೀಟದ ಅಂಚಿನ ಕಿರುವ್ಯತ್ಯಾಸಗಳೇ ಬೆಳೆದು ಮುಳ್ಳುಗಳಾಗುತ್ತವೆ. ಅವು ಲೆಕ್ಕವಿಟ್ಟು ಏಳುವುದಿಲ್ಲ. ಇನ್ನು, ಇದು ಕಲೆ, ಚೆಂದದ್ದನ್ನು ಆರಿಸಿಕೊಂಡರೇನು ತಪ್ಪು ಎಂಬ ಮಾತು. ಆಯ್ಕೆ ತಪ್ಪಲ್ಲ. ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯ ಕಿರೀಟ ಪ್ರಸಿದ್ಧವಾದದ್ದು ಚೆಲುವಿನಿಂದಲೇ. ಆದರೆ ಹಾಗೆ ಆರಿಸಿದ ಒಂದೇ ಚಿತ್ರ ನೋಡಿದವರು ಹನಿ ಯಾವಾಗಲೂ ಹೀಗೆಯೇ ಸಿಡಿಯುತ್ತದೆಂದು ನಂಬುತ್ತಾರೆ. ಎತ್ತರ, ನೀರಿನ ಆಳ, ಫ್ಲಾಶಿನ ಶಕ್ತಿ ಬರೆದಿಟ್ಟು, ಒಂದು ಸರಣಿಯ ಎಲ್ಲ ಚಿತ್ರಗಳನ್ನೂ ಉಳಿಸಿದರೆ ಜೋಡಣೆಯ ದೋಷ ಯಾವುದು, ನೀರಿನ ಗುಣ ಯಾವುದು ಎಂದು ಬೇರ್ಪಡಿಸಬಹುದು. ಗೋಡೆಗೆ ಒಂದು ಚಿತ್ರ ಸಾಕು. ಹನಿಯನ್ನು ಅರಿಯಲು ಇಡೀ ಸರಣಿ ಬೇಕು.